ಎಡಗೈಗೆ ದೃಷ್ಟಿ

ಆಟಗಾರರನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ ಎಂದು ಮೊದಲ ಸಲ ತಿಳಿದಾಗ ನನಗೆ ಗರ ಬಡಿದ ಹಾಗಾಗಿತ್ತು. ಬೆಳಗ್ಗೆ ಸಿಡ್ನಿ ತಂಡದವರ ಜೊತೆ ತಿಂಡಿ ತಿಂದವನು ಸಂಜೆಗೆ ಮೆಲ್ಬರ್ನ್ ತಂಡದ ಅಂಗಿ ತೊಟ್ಟು ನಿಂತಿರುತ್ತಾನಂತೆ. ಎಷ್ಟೋ ಸಲ ಅವನನ್ನು ಯಾರೂ ಒಂದು ಮಾತು ಕೇಳಿರುವುದಿಲ್ಲವಂತೆ. "ಇದೇನ್ರೀ ಇದು, ಹೆಣ್ಣು ಕೊಡೋವಾಗಲೂ ಈಗ ಹುಡುಗೀನ ಕೇಳ್ತಾರೆ" ಎಂದೆ ನಮ್ಮವರಿಗೆ. "ಬೇಸ್‌ಬಾಲ್ ಕಣೆ, ಅದು ಹಾಗೇನೇ" ಎಂದು ಅವರು ಟಿವಿ ಕಡೆ ತಿರುಗಿದರು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಸೇರುವುದಾದರೂ ಹೇಗೆ? ನಮ್ಮ ಮಗನೇ ಬೇಸ್‌ಬಾಲ್ ಆಡುತ್ತಿದ್ದ, ಅದೂ ಸಂಬಳ ತೆಗೆದುಕೊಂಡು. ಸಿಡ್ನಿಯ ಕೆಲ್ಲಿವಿಲ್ ಬಡಾವಣೆಯ ನಮ್ಮ ಬೀದಿಯಲ್ಲಿ ಕನ್ನಡದವರ ಮಕ್ಕಳೆಲ್ಲ ಕ್ರಿಕೆಟ್ ಆಡುತ್ತಾರೆ, ಇಲ್ಲವೇ ಪರೀಕ್ಷೆ ಬರೆದು ಸೇರುವ ಸೆಲೆಕ್ಟಿವ್ ಸ್ಕೂಲಿಗೆ ಕೋಚಿಂಗ್ ಹೋಗುತ್ತಾರೆ. ನಮ್ಮವನು ಎಡಗೈಯಲ್ಲಿ ಚೆಂಡು ಎಸೆಯುತ್ತಾನೆ ಎಂದು ಸ್ಕೂಲಿನ ಯಾರೋ ಪಿಟಿ ಮೇಷ್ಟ್ರು ಕಂಡುಹಿಡಿದರು. ಬೇಸ್‌ಬಾಲ್‌ನಲ್ಲಿ ಬ್ಯಾಟ್ ಹಿಡಿದವನಿಗೆ ಚೆಂಡು ಎಸೆಯುವವನನ್ನು ಪಿಚರ್ ಅನ್ನುತ್ತಾರೆ. ಎಡಗೈ ಪಿಚರ್ ಸಿಗುವುದು ಅಪರೂಪ, ಹಾಗಾಗಿ ಅವರಿಗೆ ಎಲ್ಲಿಲ್ಲದ ಬೆಲೆ. ಇಪ್ಪತ್ತೆರಡು ತುಂಬುವ ಹೊತ್ತಿಗೆ ಅವನು ಎಂಜಿನಿಯರಿಂಗ್‌ಗೆ ರಜೆ ಹಾಕಿ ಸಿಡ್ನಿಯ ವೃತ್ತಿಪರ ತಂಡ ಸೇರಿಕೊಂಡಿದ್ದ. ಆ ಸುದ್ದಿಯನ್ನು ಅವನು ಹೇಳಿದ್ದು ಡಿಷ್‌ವಾಷರ್‌ಗೆ ತಟ್ಟೆ ಜೋಡಿಸುತ್ತಾ. ನನ್ನ ಕೈಯಲ್ಲಿದ್ದ ಪಾತ್ರೆ ಸಿಂಕಿಗೆ ಬಿತ್ತು.

ನಾನು ಆಫೀಸಿನಲ್ಲಿ ಬಿಸಿನೆಸ್ ಅನಲಿಸ್ಟ್. ಹೆದರಿಕೆಯಾದರೆ ದೇವರಿಗೆ ದೀಪ ಹಚ್ಚುವವರಿದ್ದಾರೆ, ನಾನು ಎಕ್ಸೆಲ್ ತೆಗೆಯುತ್ತೇನೆ. ಮಗ ಹೋಗಿ ಸೇರಿದ ಈ ಆಟ ಏನು, ಎತ್ತ ಎಂದು ಕೂತು ಕಲಿತೆ. ಯಾವ ತಂಡಕ್ಕೆ ಹೊಡೆಯುವವರಿಲ್ಲ, ಯಾವ ತಂಡಕ್ಕೆ ಎಸೆಯುವವರಿಲ್ಲ, ಯಾರು ಯಾರನ್ನು ಕೊಟ್ಟು ಯಾರನ್ನು ತೆಗೆದುಕೊಂಡರೆ ಲಾಭ, ಮುಂದೆ ಬರುವ ಹುಡುಗರು ಯಾರು ಎಂದು ತಮಾಷೆಗೆ ಕನ್ನಡದಲ್ಲೇ ಬರೆದು ನಮ್ಮ ಸ್ನೇಹಿತರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎಪ್ಪಿಂಗ್ ಬಡಾವಣೆಯ ಸ್ನೇಹಿತೆಯೊಬ್ಬಳು, ಬ್ಯಾಟಿನ ಯಾವ ತುದಿ ಹಿಡಿಯಬೇಕೆಂದು ಗೊತ್ತಿಲ್ಲದವಳು, "ಧಾರಾವಾಹಿಗಿಂತ ಚೆನ್ನಾಗಿದೆ ಕಣೇ" ಎಂದಳು. ಅಲ್ಲಿಂದ ಪ್ರತಿ ವರ್ಷ ಸೀಸನ್ ಅರ್ಧಕ್ಕೆ ಬಂದಾಗ, ಅಂದರೆ ಕ್ರಿಸ್‌ಮಸ್ ಹೊತ್ತಿಗೆ, ನನ್ನ ವಿಮರ್ಶೆ ಬರಲೇಬೇಕು. ಬರದಿದ್ದರೆ ಫೋನ್ ಮಾಡಿ ಬೈಯುತ್ತಾರೆ.

ಅವನ ಮೂರನೇ ಸೀಸನ್ನಿನಲ್ಲೂ ಬರೆದೆ. ಸಿಡ್ನಿಯಲ್ಲಿ ಎಸೆಯುವವರ ಸಂತೆ, ಹೊಡೆಯುವವರ ಬರಗಾಲ. ಮೆಲ್ಬರ್ನ್‌ನದು ಸರಿ ಉಲ್ಟಾ, ಚೆಂಡನ್ನು ಬೇಲಿಯಾಚೆ ಅಟ್ಟುವ ದಾಂಡಿಗರಿದ್ದಾರೆ, ಒಬ್ಬ ಎಡಗೈ ಪಿಚರ್ ಇಲ್ಲ. ಪರ್ತ್‌ನವರು ಶುರುವಿನಲ್ಲಿ ಹಾರಾಡಿ ಈಗ ಉಸಿರು ಬಿಡುತ್ತಿದ್ದಾರೆ. ಇನ್ನು ನನ್ನ ಮಗ. ಅವನ ಬಗ್ಗೆ ಎಲ್ಲರ ಕೊನೆಗೆ ಒಂದೇ ಸಾಲು. "ಪರವಾಗಿಲ್ಲ, ಇನ್ನೂ ಕಲಿಯುವುದಿದೆ." ಸಿಡ್ನಿ ತಂಡದಲ್ಲಿ ಆಗ ಅವನಿಗಿಂತ ಚೆನ್ನಾಗಿ ಎಸೆಯುತ್ತಿದ್ದವನು ಇರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೆ ನಮ್ಮ ಮಕ್ಕಳನ್ನು ನಾವೇ ಹೊಗಳಬಾರದು, ದೃಷ್ಟಿಯಾಗುತ್ತದೆ. ಇದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ಅಮ್ಮ ಅಕ್ಕಪಕ್ಕದವರಿಗೆ, "ಏನೋ ಪಾಸಾದಳು, ಲೆಕ್ಕದಲ್ಲಿ ಸ್ವಲ್ಪ ಮಂಕು" ಎಂದಿದ್ದಳು. ನಾನು ಲೆಕ್ಕದಲ್ಲಿ ಮಂಕಾಗಿರಲಿಲ್ಲ. ಯಾರಾದರೂ "ಮಗು ಎಷ್ಟು ಗುಂಡುಗುಂಡಾಗಿದೆ" ಅಂದರೆ, "ಅಯ್ಯೋ, ಎರಡು ದಿನದಿಂದ ಹಾಲೇ ಕುಡೀತಿಲ್ಲ" ಅನ್ನುವ ಮನೆ ನಮ್ಮದು.

ಕೊನೇ ಸಾಲಿನ ಜೊತೆ ಇನ್ನೊಂದು ಮಾತೂ ಸೇರಿಸಿದ್ದೆ. ಆಟ ಮುಂದೆ ಹೋದ ಹಾಗೆ ಅವನು ವೇಗದ ಚೆಂಡು ಬಿಟ್ಟು ನಿಧಾನದ ಚೆಂಡು ಹೆಚ್ಚು ಎಸೆಯುತ್ತಿದ್ದ. ಮೊದಲ ವರ್ಷ ಹಾಗಿರಲಿಲ್ಲ, ಕೊನೆಯವರೆಗೂ ಬೆಂಕಿಯ ಹಾಗೆ ಎಸೆಯುತ್ತಿದ್ದ. ನಾನು ಅಂಕಿಗಳನ್ನೆಲ್ಲ ಜೋಡಿಸಿ ನೋಡಿ, "ಬುದ್ಧಿ ಬಂದಿದೆ, ತೋಳು ಉಳಿಸಿಕೊಂಡು ಆಡುವುದು ಕಲಿತಿದ್ದಾನೆ" ಎಂದು ಬರೆದೆ. ಗ್ರೂಪಿನಲ್ಲಿ ಹೆಬ್ಬೆರಳಿನ ಚಿತ್ರಗಳು ಬಂದವು. ನಾನು ಒಳಗೊಳಗೇ ಬೀಗಿದೆ.

ಕ್ರಿಸ್‌ಮಸ್ ಆದಮೇಲೆ ಸಿಡ್ನಿ ತಂಡ ಮೆಲ್ಬರ್ನ್‌ಗೆ ಆಡಲು ಹೋಯಿತು. ಮಗ ತಂಡದ ಜೊತೆ ವಿಮಾನದಲ್ಲಿ ಹೋದ. ನಾವು ಕಾರಿನಲ್ಲಿ ಹೊರಟೆವು, ನಮ್ಮವರು, ನಾನು, ಮೈಸೂರಿನಿಂದ ಇಲ್ಲಿನ ಡಿಸೆಂಬರ್ ಬೇಸಿಗೆ ಕಳೆಯಲು ಬಂದಿದ್ದ ನನ್ನ ಅಮ್ಮ. ಅಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿ ರಿಟೈರ್ ಆದವಳು. ಇಂಗ್ಲಿಷ್ ಪಾಠ ಮಾಡುತ್ತಿದ್ದವಳು, ಆದರೆ ಮನೆಯೊಳಗೆ ಇಂಗ್ಲಿಷ್ ಕಿವಿಗೇ ಬಿದ್ದಿಲ್ಲವೆಂಬಂತೆ ಕೂರುತ್ತಾಳೆ. ನಮ್ಮ ಮಗ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು. ಅಜ್ಜಿಯ ಹತ್ತಿರ ಮಾತ್ರ ಬೆಳಗಿನ ಕಾಫಿಗೆ ಕೂತು, ತೊದಲು ಕನ್ನಡದಲ್ಲಿ ಅದೇನೋ ಹೇಳುತ್ತಿದ್ದ. ನಾನು ಹತ್ತಿರ ಬಂದರೆ ಇಬ್ಬರೂ ಸುಮ್ಮನಾಗುತ್ತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಮೆಲ್ಬರ್ನ್ ತಂಡದವರು ಅವನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಸುದ್ದಿ ಹೊರಡುವ ಮೊದಲೇ ಕಿವಿಗೆ ಬಿದ್ದಿತ್ತು. ಒಬ್ಬ ಬ್ಯಾಟರ್‌ನನ್ನು ಸಿಡ್ನಿಗೆ ಕೊಟ್ಟು ಇವನನ್ನು ತೆಗೆದುಕೊಳ್ಳುವುದು. ಈ ಸಲ ಅದಲು ಬದಲಿನ ಮಾತಿಗೆ ನನಗೆ ಊಟ ಬಿಟ್ಟುಹೋಗಲಿಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ, ಬಾಯಲ್ಲಿ ನೀರೂರಿತು. ಯಾಕೆಂದರೆ ಮೆಲ್ಬರ್ನ್‌ನವರಿಗೆ ಅಮೆರಿಕದ ದೊಡ್ಡ ತಂಡವೊಂದರ ಜೊತೆ ಒಳ್ಳೆಯ ಸಂಬಂಧವಿತ್ತು. ಅಲ್ಲಿಗೆ ಹೋದರೆ ಮಾರ್ಚ್‌ಗೆ ಅವನು ಅಮೆರಿಕದಲ್ಲಿರುತ್ತಾನೆ. ಹೋಗದಿದ್ದರೆ ವಾಪಸ್ ಎಂಜಿನಿಯರಿಂಗ್ ಕ್ಲಾಸಿಗೆ. ಈ ವರ್ಷ ಬಿಟ್ಟರೆ ಇನ್ನೊಂದು ವರ್ಷ ಇಲ್ಲ ಎಂದು ಅವನೇ ತನಗೆ ಗಡುವು ಹಾಕಿಕೊಂಡಿದ್ದ.

ಶುಕ್ರವಾರ ಅವನು ಎಸೆದ. ನಾವು ಸ್ಟ್ಯಾಂಡಿನಲ್ಲಿ ಸನ್‌ಸ್ಕ್ರೀನ್ ಬಳಿದುಕೊಂಡು ಕೂತಿದ್ದೆವು. ಅಮ್ಮ ಸೀರೆ ಮೇಲೆ ತಂಡದ ಟೋಪಿ ಹಾಕಿಕೊಂಡಿದ್ದಳು. ನಾನು ಬಿಸಿ ಚಿಪ್ಸ್ ತರಲು ಕ್ಯೂನಲ್ಲಿ ನಿಂತು ವಾಪಸ್ ಬರುವಷ್ಟರಲ್ಲಿ ಅಮ್ಮನ ಪಕ್ಕ ಅಗಲ ಟೋಪಿಯ ಒಬ್ಬರು ಕೂತು ಮಾತಾಡುತ್ತಿದ್ದರು. ಕೈಯಲ್ಲಿ ಚೆಂಡಿನ ವೇಗ ಅಳೆಯುವ ಗನ್ ಇತ್ತು. ನನ್ನನ್ನು ನೋಡಿ ಟೋಪಿ ಎತ್ತಿ ನಕ್ಕು ಎದ್ದು ಹೋದರು. "ಯಾರಮ್ಮ ಅದು?" ಎಂದೆ. "ಯಾರೋ. ನಿಮ್ಮ ಮೊಮ್ಮಗನಾ ಅಂತ ಕೇಳಿದರು" ಎಂದು ಅಮ್ಮ ಒಂದು ಚಿಪ್ಸ್ ತೆಗೆದುಕೊಂಡಳು. ಮಗ ಆವತ್ತು ಚೆನ್ನಾಗೇ ಎಸೆದ.

ಶನಿವಾರ ಬೆಳಗ್ಗೆ ನಾವು ಇಳಿದುಕೊಂಡಿದ್ದ ಅಪಾರ್ಟ್‌ಮೆಂಟಿನಲ್ಲಿ ನಮ್ಮವರ ಫೋನಿಗೆ ಸಿಡ್ನಿ ಕೋಚ್ ಕಾಲ್ ಮಾಡಿದರು. ಟ್ರೇಡ್, ಅಂದರೆ ಆ ಅದಲು ಬದಲು, ನಿಂತುಹೋಗಿತ್ತು. ಆ ಅಗಲ ಟೋಪಿಯವರು ಮೆಲ್ಬರ್ನ್ ತಂಡದ ಸ್ಕೌಟ್, ಅಂದರೆ ಆಟಗಾರರನ್ನು ನೋಡಿ ವರದಿ ಕೊಡುವವರು. ಹುಡುಗನ ಎಡ ಮೊಣಕೈಯಲ್ಲಿ ನೋವಿದೆ, ಬೆಳಗ್ಗೆ ಎದ್ದರೆ ಕೈ ಚಾಚಲು ಆಗುವುದಿಲ್ಲ ಎಂದು ಅವನ ಅಜ್ಜಿಯೇ ಹೇಳಿದರಂತೆ. ಸ್ಕ್ಯಾನ್ ಆಗುವವರೆಗೆ ಮಾತೇ ಇಲ್ಲ ಎಂದಿದ್ದಾರೆ. ಹಬ್ಬದ ರಜೆಯಲ್ಲಿ ಸ್ಕ್ಯಾನ್ ಸಿಗುವುದು ಯಾವಾಗಲೋ, ಅಷ್ಟರಲ್ಲಿ ಅವರು ಬ್ರಿಸ್ಬೇನ್‌ನ ಇನ್ನೊಬ್ಬ ಎಡಗೈಯವನನ್ನು ತೆಗೆದುಕೊಳ್ಳುತ್ತಾರೆ.

ನಾನು ಅಮ್ಮನ ಕಡೆ ತಿರುಗಿದೆ.

"ಏನಮ್ಮ ಮಾಡಿದೆ ನೀನು? ಅವರಿಗೆ ಕೈ ನೋವು ಅಂತ ಹೇಳಿದ್ಯಾ?"

"ಹೌದು, ಹೇಳಿದೆ."

"ಇದೇನು ನಮ್ಮ ಸರಸ್ವತಿಪುರಂ ಅಂದ್ಕೊಂಡ್ಯಾ? ದೃಷ್ಟಿಯಾಗತ್ತೆ ಅಂತ ಇಲ್ಲದ ರೋಗ ಹೇಳೋದಕ್ಕೆ? ಇಲ್ಲಿ ಹೇಳಿದ್ದನ್ನ ಬರ್ಕೊಂಡು ಹೋಗ್ತಾರೆ ಅಮ್ಮ. ಅವನ ಜೀವನ ಇದು."

ಅಮ್ಮ ನನ್ನನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದಳು. ಆ ಮೌನ ನನ್ನ ಕಣ್ಣಿಗೆ ತಪ್ಪೊಪ್ಪಿಗೆಯ ಹಾಗೆ ಕಂಡಿತು. ಇನ್ನೂ ನಾಲ್ಕು ಮಾತು ಜಾಸ್ತಿಯೇ ಅಂದೆ.

ನಮ್ಮವರು ಕೋಚ್‌ಗೆ ವಾಪಸ್ ಕಾಲ್ ಮಾಡಿದರು. ಆಫೀಸಿನಲ್ಲಿ ಕ್ಲೈಂಟ್‌ಗಳಿಗೆ ಮಾತಾಡುವ ಧ್ವನಿ ತೆಗೆದು ನಿಧಾನವಾಗಿ ವಿವರಿಸಿದರು. ನಮ್ಮ ಕಡೆ ಮಕ್ಕಳನ್ನು ಹೊರಗಿನವರು ಹೊಗಳಿದರೆ ಹಿರಿಯರು ಹೆದರುತ್ತಾರೆ, ಕೆಟ್ಟ ಕಣ್ಣು ಬೀಳದಿರಲಿ ಎಂದು ಏನಾದರೂ ಕೊರತೆ ಹೇಳುತ್ತಾರೆ. ದಪ್ಪಗಿರುವ ಮಗು ಏನೂ ತಿನ್ನುವುದಿಲ್ಲ ಎನ್ನುತ್ತಾರೆ, ರ್‍ಯಾಂಕ್ ಬಂದ ಹುಡುಗಿ ಮಂಕು ಎನ್ನುತ್ತಾರೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ, ಪ್ರೀತಿ ಅಷ್ಟೆ. ನಾನು ಪಕ್ಕದಲ್ಲಿ ನಿಂತು, "ಉಪ್ಪು ಮೆಣಸಿನಕಾಯಿ ನಿವಾಳಿಸೋದೂ ಹೇಳಿ" ಎಂದು ಸನ್ನೆ ಮಾಡಿದೆ. ಅದನ್ನೂ ಹೇಳಿದರು. ಫೋನಿನಾಚೆ ಕೋಚ್ ಬಿದ್ದು ಬಿದ್ದು ನಗುವುದು ನನಗೇ ಕೇಳಿಸಿತು. ತಮ್ಮ ಇಪ್ಪತ್ತು ವರ್ಷದ ಆಟದಲ್ಲಿ ಇಂಥದ್ದು ಕೇಳಿರಲಿಲ್ಲವಂತೆ.

ಮಧ್ಯಾಹ್ನಕ್ಕೆ ಎಲ್ಲ ಸರಿಹೋಯಿತು. ಮೆಲ್ಬರ್ನ್‌ನವರಿಗೂ ಕಥೆ ಹೇಳಿದರಂತೆ, ಅವರೂ ನಕ್ಕರಂತೆ. ಸ್ಕ್ಯಾನ್ ಬೇಡ, ನಾಳೆ ಭಾನುವಾರ ಸಹಿ, ಮುಂದಿನ ವಾರ ಅಮೆರಿಕದಿಂದ ಬಂದವರ ಮುಂದೆ ಮೆಲ್ಬರ್ನ್ ಅಂಗಿಯಲ್ಲಿ ಎಸೆಯಬೇಕು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ಪುಟ್ಟ ಅಡುಗೆಮನೆಯಲ್ಲೇ ರವೆ ಹುರಿದು ಕೇಸರಿಬಾತ್ ಮಾಡಿದೆ. ತುಪ್ಪ ಸಾಲದೆ ಬೆಣ್ಣೆ ಹಾಕಿದೆ.

ಅಮ್ಮ ಮುಟ್ಟಲಿಲ್ಲ.

"ಬಿಡಮ್ಮ, ಆಗಿದ್ದಾಯ್ತು. ಕೋಪ ಮಾಡ್ಕೋಬೇಡ, ತಿನ್ನು" ಎಂದೆ.

"ಕೋಪ ಅಲ್ಲ ಕಣೆ" ಎಂದಳು ಅಮ್ಮ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಾನು ದೃಷ್ಟಿಗೆ ಹೇಳಿದ್ದಲ್ಲ. ಅವನ ಕೈ ನಿಜವಾಗ್ಲೂ ನೋಯ್ತಾ ಇದೆ."

ನಾನು ನಕ್ಕುಬಿಟ್ಟೆ. ನಗು ತಾನಾಗಿಯೇ ಬಂತು.

"ಅಪ್ಪ ಅಮ್ಮನಿಗೆ, ಕೋಚ್‌ಗೆ ಹೇಳಬೇಡ ಅಜ್ಜಿ ಅಂತ ಭಾಷೆ ತಗೊಂಡಿದ್ದ. ನಿಮಗೆ ಹೇಳಲಿಲ್ಲ. ಆ ಮನುಷ್ಯನಿಗೆ ಹೇಳಬೇಡ ಅಂತ ಅವನು ಹೇಳಿರಲಿಲ್ಲ. ಕೈಯಲ್ಲಿ ಆ ಮಷೀನು ನೋಡಿದೆ, ಬರ್ಕೊಳ್ತಾ ಇದ್ದದ್ದು ನೋಡಿದೆ. ಯಾರು ಅಂತ ಗೊತ್ತಾಗದೆ ಇರೋಕೆ ನಾನೇನು ಕುರುಡಿಯಾ? ಗೊತ್ತಿದ್ದೇ ಹೇಳಿದೆ."

ಗ್ಯಾಸ್ ಸ್ಟೌವಿನ ಕಟ್ಟೆ ಹಿಡಿದುಕೊಂಡೆ. ಆದರೂ ನನ್ನ ಬಾಯಿ ಸೋಲಲಿಲ್ಲ. "ಏನೋ ಮೈಕೈ ನೋವು ಅಂದಿರ್ತಾನೆ ಅಮ್ಮ, ನೀನು ದೊಡ್ಡದು ಮಾಡ್ಕೊಂಡಿದೀಯ. ಆಟಗಾರರಿಗೆ ಇದೆಲ್ಲ ಇದ್ದದ್ದೇ."

"ಕನ್ನಡದಲ್ಲಿ ಹೇಳಿದ ಕಣೆ" ಎಂದಳು ಅಮ್ಮ. "ಸುಳ್ಳು ಹೇಳೋಷ್ಟು ಕನ್ನಡ ಅವನಿಗೆ ಬರಲ್ಲ. ನೋವು, ತುಂಬಾ, ಅಜ್ಜಿ, ಅಷ್ಟೇ ಅಂದ."

ಕೇಸರಿಬಾತ್ ಬಾಣಲೆಯಲ್ಲೇ ಇತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಕಾರಿನ ಕೀ ಎತ್ತಿಕೊಂಡೆ. ನಮ್ಮವರು ಹಿಂದೆಯೇ ಬಂದು ಪಕ್ಕದಲ್ಲಿ ಕೂತರು, ಅಮ್ಮ ಹಿಂದೆ. ದಾರಿಯಲ್ಲಿ ನಮ್ಮವರು, "ಅಷ್ಟು ಚೆನ್ನಾಗಿ ಎಸೀತಿದ್ನಲ್ಲ" ಎಂದು ಮೂರು ನಾಲ್ಕು ಸಲ ಅಂದರು. ನನ್ನ ತಲೆಯಲ್ಲಿ ಆ ನಿಧಾನದ ಚೆಂಡುಗಳು ಒಂದಾದಮೇಲೊಂದು ಬರುತ್ತಿದ್ದವು. ವೇಗವಾಗಿ ಎಸೆದರೆ ನೋಯುತ್ತದೆ ಎಂದು ನಿಧಾನವಾಗಿ ಎಸೆದಿದ್ದಾನೆ. ನಾನು ಅದಕ್ಕೆ ಬುದ್ಧಿ ಎಂದು ಹೆಸರಿಟ್ಟಿದ್ದೆ.

ಮೈದಾನದಲ್ಲಿ ಪ್ರಾಕ್ಟೀಸ್ ಮುಗಿದಿತ್ತು. ಮಗ ಬೇಲಿಯ ಹತ್ತಿರ ಶೂ ಬಿಚ್ಚುತ್ತಿದ್ದ, ಬಲಗೈ ಒಂದರಲ್ಲೇ. ನಮ್ಮ ಮೂವರನ್ನೂ ಒಟ್ಟಿಗೆ ನೋಡಿದವನೇ ಅಜ್ಜಿಯ ಮುಖ ನೋಡಿದ. ಅವನಿಗೆ ಅರ್ಥವಾಯಿತು. ಬೇಲಿಗೆ ಒರಗಿ, ಅವನ ಎಂದಿನ ಇಂಗ್ಲಿಷಿನಲ್ಲೇ, ಆವತ್ತು ಬೆಳಗ್ಗೆ ಕೋಚ್‌ಗೆ ತಾನೇ ಹೇಳುವವನಿದ್ದೆ ಎಂದ. ಅಜ್ಜಿ ಹೇಳಿದ್ದು ಗೊತ್ತಾದಾಗ ಸಿಟ್ಟಿನ ಬದಲು ನಿರಾಳವಾಯಿತಂತೆ, ಇನ್ನು ಮುಚ್ಚಿಡುವ ಹಾಗಿಲ್ಲವಲ್ಲ ಎಂದು. ಅಷ್ಟರಲ್ಲಿ ಕೋಚ್ ನಗುತ್ತಾ ಬಂದು ನಮ್ಮವರು ಹೇಳಿದ ಕಥೆಯನ್ನು ಇಡೀ ತಂಡಕ್ಕೆ ಹೇಳಿದರಂತೆ. ಎಲ್ಲರೂ ಅವನ ಬೆನ್ನು ತಟ್ಟಿ ನಕ್ಕರಂತೆ.

ನಮ್ಮವರು ನೆಲ ನೋಡುತ್ತಾ ನಿಂತರು.

"ಈಗ ಹೋಗಿ ಹೇಳು" ಎಂದೆ. "ನಾವಿಲ್ಲೇ ಇರ್ತೀವಿ."

"ಟ್ರೇಡ್ ಹೋಗತ್ತೆ" ಎಂದ.

"ಹೋಗ್ಲಿ."

ಅವನು ಇನ್ನೊಂದು ಶೂವನ್ನೂ ಬಿಚ್ಚಿ ಬದಿಗಿಟ್ಟ. ಆಮೇಲೆ ಸಾಕ್ಸ್‌ನಲ್ಲೇ ಹುಲ್ಲಿನ ಮೇಲೆ ಕೋಚ್ ಕಡೆ ನಡೆದ. ನಾನು ಬೇಲಿಯ ತಂತಿ ಹಿಡಿದು ನೋಡುತ್ತಿದ್ದೆ. ಅವನು ಏನೋ ಹೇಳಿದ. ತನ್ನ ಎಡ ಮೊಣಕೈ ತೋರಿಸಿದ. ಕೋಚ್ ಒಂದು ಗಳಿಗೆ ಅವನ ಮುಖ ನೋಡಿದರು. ಆಮೇಲೆ ಗಹಗಹಿಸಿ ನಕ್ಕರು. ಅವನ ಭುಜಕ್ಕೆ ಒಂದು ಏಟು ಕೊಟ್ಟು, ನಮ್ಮ ಕಡೆ ಕೈ ಬೀಸಿ, ಅಜ್ಜಿ ಇವನಿಗೂ ಕಲಿಸಿಬಿಟ್ಟಿದ್ದಾರಲ್ಲ, ಇಲ್ಲಿ ಕೆಟ್ಟ ಕಣ್ಣು ಯಾರದೂ ಇಲ್ಲ ಎಂದು ಕೂಗಿದರು. ಪಕ್ಕದಲ್ಲಿದ್ದ ಹುಡುಗರೂ ನಕ್ಕರು. ನನ್ನ ಮಗ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಪೆಚ್ಚಾಗಿ ಅವರ ಜೊತೆ ತಾನೂ ನಗಲು ಶುರುಮಾಡಿದ.

ನಾವು ಅಷ್ಟು ಚೆನ್ನಾಗಿ ವಿವರಿಸಿದ್ದೆವು. ಇನ್ನು ಮುಂದೆ ನಮ್ಮ ಮನೆಯವರು ಯಾರು ನೋವು ಎಂದರೂ ಅದು ದೃಷ್ಟಿಯ ಮಾತೇ.

ಗೇಟು ಎಲ್ಲಿದೆ ಎಂದು ಹುಡುಕುವಷ್ಟು ತಾಳ್ಮೆ ಇರಲಿಲ್ಲ. ಸೊಂಟದೆತ್ತರದ ಬೇಲಿ, ಐವತ್ತು ದಾಟಿದ ನಾನು, ಹೇಗೆ ಹಾರಿದೆನೋ ದೇವರೇ ಬಲ್ಲ. ಓಡಿಹೋಗಿ ಅವನ ಎಡಗೈ ಹಿಡಿದುಕೊಂಡೆ. ಅವನು ಬೆಚ್ಚಿಬಿದ್ದ. ಕೋಚ್ ಎದುರು ಆ ಕೈಯನ್ನು ಮೆಲ್ಲಗೆ ಚಾಚಿಸಿದೆ. ಅರ್ಧಕ್ಕಿಂತ ಸ್ವಲ್ಪ ಆಚೆ ಬಂದು ಮೊಣಕೈ ನಿಂತಿತು. ನಾನು ಬಿಡಲಿಲ್ಲ, ಇನ್ನೂ ಒಂಚೂರು ಎಳೆದೆ. ಅವನ ಮುಖದಿಂದ ಬಣ್ಣ ಹೋಯಿತು, ಬಾಯಿಂದ ಸದ್ದು ಬರಲಿಲ್ಲ. ಮಗು ಅಳು ನುಂಗುವಾಗ ಕೆಳತುಟಿ ಒಳಗೆ ಹೋಗುತ್ತದಲ್ಲ, ಹಾಗೆ ಹೋಯಿತು. ನಾನು ತಕ್ಷಣ ಬಿಟ್ಟೆ. ಕೋಚ್ ನಗು ನಿಲ್ಲಿಸಿದ್ದರು. ಅವರು ತಾವೇ ಆ ಮೊಣಕೈಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಜೇಬಿನಿಂದ ಫೋನ್ ತೆಗೆದರು.

ಭಾನುವಾರ ಸಹಿ ಆಗಲಿಲ್ಲ. ಮೆಲ್ಬರ್ನ್‌ನವರು ಬ್ರಿಸ್ಬೇನ್‌ನ ಎಡಗೈಯವನನ್ನು ತೆಗೆದುಕೊಂಡರು, ಅದು ನಾವು ಸಿಡ್ನಿಗೆ ಹೊರಡುವ ಮೊದಲೇ ಸುದ್ದಿಯಾಯಿತು. ತಂಡದ ಡಾಕ್ಟರ್ ನೋಡಿ, ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿಯಲು ಶುರುವಾಗಿರಬೇಕು, ಸ್ಕ್ಯಾನ್ ಮಾಡಿಸಿ, ಈ ಸೀಸನ್ನಿಗೆ ಎಸೆಯುವುದು ಬೇಡ ಎಂದರು. ಇನ್ನೊಂದು ವಾರ ಜೋರಾಗಿ ಎಸೆದಿದ್ದರೆ ಏನಾಗುತ್ತಿತ್ತು ಎಂದು ನಮ್ಮವರು ಕೇಳಿದರು. ಡಾಕ್ಟರ್ ತಲೆಯಲ್ಲಾಡಿಸಿ ಸ್ಕ್ಯಾನಿನ ಚೀಟಿ ಬರೆದುಕೊಟ್ಟರು.

ಮಗನನ್ನು ನಮ್ಮ ಜೊತೆ ಕಾರಿನಲ್ಲೇ ಕರೆದುಕೊಂಡು ಹೊರಟೆವು. ಹಿಂದಿನ ಸೀಟಿನಲ್ಲಿ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ಎಡಗೈ ಇಟ್ಟುಕೊಂಡು ಕೂತಿದ್ದ, ಪಕ್ಕದಲ್ಲಿ ಅಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದಳು. ನಮ್ಮವರು ಕಾರು ಓಡಿಸುತ್ತಿದ್ದರು, ಹೈವೇಯ ಎರಡೂ ಕಡೆ ಒಣ ಹುಲ್ಲು. ನಾನು ಎಷ್ಟೋ ದೂರ ತಡೆದುಕೊಂಡು ಕೊನೆಗೆ ಹಿಂದಕ್ಕೆ ತಿರುಗಿದೆ.

"ಯಾವಾಗಿಂದ ಕಣೋ?"

"ಸೀಸನ್ ಶುರುವಾಗೋದಕ್ಕೆ ಮುಂಚಿಂದ" ಎಂದ, ಇಂಗ್ಲಿಷಿನಲ್ಲಿ. ಕಿಟಕಿಯಾಚೆ ನೋಡುತ್ತಿದ್ದ.

ಅಂದರೆ ನಾನು ಬರೆದ ವಿಮರ್ಶೆಯ ಪ್ರತಿಯೊಂದು ಅಂಕಿಯೂ ನೋಯುವ ಕೈಯಿಂದ ಬಂದದ್ದು. "ನನಗ್ಯಾಕೆ ಹೇಳಲಿಲ್ಲ?" ಎಂದೆ. "ನಾನು ನಿನ್ನ ಒಂದೊಂದು ಚೆಂಡೂ ನೋಡ್ತಿದ್ದೆ."

"ಗೊತ್ತು" ಎಂದ. "ಗ್ರೂಪಲ್ಲಿ ನೀನು ಬರೆಯೋದನ್ನ ಅಪ್ಪನ ಫೋನಿಂದ ತಗೊಂಡು ಟ್ರಾನ್ಸ್‌ಲೇಟ್ ಮಾಡಿ ಓದ್ತೀನಿ, ಪ್ರತಿ ಸಲ." ಬೈಯುತ್ತಿರಲಿಲ್ಲ ಅವನು, ದಾರಿ ಹೇಳುವವನ ಹಾಗೆ ಮೆತ್ತಗೆ ಹೇಳುತ್ತಿದ್ದ. "ನೀನು ಅಷ್ಟು ಹತ್ತಿರದಿಂದ ನೋಡ್ತೀಯ. ನಿನಗೇ ಕಾಣಲಿಲ್ಲ ಅಂದ್ಮೇಲೆ, ನೋವು ನಿಜವಾಗ್ಲೂ ಇಲ್ವೇನೋ ಅಂದ್ಕೊಂಡು ಎಸೀತಿದ್ದೆ."